ಮುಂದಿನ ಮ್ಯಾಕ್ ಮಿನಿಯಲ್ಲಿ ಮೆಮೊರಿ ಬದಲಿಸುವ ಅವಕಾಶ ಬಂದೀತೆ? ಕಾಯುವುದೋ, ಈಗಲೇ ಕೊಳ್ಳುವುದೋ?

ಅಚ್ಚಿನಮನೆ, ಧಾರವಾಡ
2025 ಡಿಸೆಂಬರ್ 13

ಮಾನ್ಯ ಸದಸ್ಯರಿಗೆ ನಮಸ್ಕಾರ.

ಪುಸ್ತಕಗಳ ಪುಟವಿನ್ಯಾಸ ನನ್ನ ವೃತ್ತಿ. ಆಪಲ್ ಕಂಪನಿಯ 2018ರ ಮಾದರಿಯ ಮ್ಯಾಕ್ ಮಿನಿ ಎಂಬ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಆರು ವರ್ಷಗಳಿಂದ ನನ್ನ ಮೇಜಿನ ಮೇಲೆ ದುಡಿಯುತ್ತಿದೆ. ಕೊಂಡಾಗ ಅದರಲ್ಲಿ 8 ಜಿಬಿ ಮೆಮೊರಿ ಇತ್ತು. ಚಿತ್ರಗಳಿರುವ ದೊಡ್ಡ ಪುಸ್ತಕಗಳು ಬರತೊಡಗಿದ ಮೇಲೆ ಅದು ಸಾಲದಾಯಿತು. ಹುಬ್ಬಳ್ಳಿಯಿಂದ 16 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳನ್ನು ತಂದು, ಒಂದು ಭಾನುವಾರ ಮಧ್ಯಾಹ್ನ ತಳದ ಮುಚ್ಚಳ, ಆಂಟೆನಾ ತಟ್ಟೆ, ಫ್ಯಾನು ಎಲ್ಲವನ್ನೂ ಕಳಚಿ, ಬೋರ್ಡನ್ನೇ ಹೊರಗೆಳೆದು, ನಾನೇ ಜೋಡಿಸಿದೆ. ಸ್ಕ್ರೂಗಳು ಅದಲುಬದಲಾಗದಂತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟುಕೊಂಡಿದ್ದನ್ನು ನೆನೆದು ಮನೆಯವರು ಇಂದಿಗೂ ನಗುತ್ತಾರೆ. ಆದರೆ ಆ ಒಂದು ಮಧ್ಯಾಹ್ನದ ಕೆಲಸದಿಂದ ಯಂತ್ರದ ಆಯುಷ್ಯ ನಾಲ್ಕು ವರ್ಷವಾದರೂ ಹೆಚ್ಚಿತು ಎಂಬುದು ನನ್ನ ಲೆಕ್ಕ.

ಈಗ ಅದಕ್ಕೆ ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದೆ. ಈ ವರ್ಷ ಬಂದ ಮ್ಯಾಕ್‌ಓಎಸ್ ಟಾಹೋ 2018ರ ಮಿನಿಗೆ ಸಿಗುವುದಿಲ್ಲ. ಇನ್ನೊಂದೆಡೆ, ನುಡಿ ತಂತ್ರಾಂಶಕ್ಕಾಗಿಯೂ ಡಾಂಗಲ್ ಬೀಗವಿರುವ (ಯುಎಸ್‌ಬಿ ಕಿಂಡಿಗೆ ಪುಟ್ಟ ಕೀಲಿಯೊಂದನ್ನು ಸಿಕ್ಕಿಸಿದರೆ ಮಾತ್ರ ತೆರೆಯುವ) ಒಂದು ಹಳೆಯ ಅಕ್ಷರ ತಂತ್ರಾಂಶಕ್ಕಾಗಿಯೂ ಬೂಟ್ ಕ್ಯಾಂಪ್ ಮೂಲಕ ಇದೇ ಯಂತ್ರದಲ್ಲಿ ವಿಂಡೋಸ್ 10 ಇಟ್ಟುಕೊಂಡಿದ್ದೇನೆ. ಅದರ ಬೆಂಬಲವೂ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂದಿಗೂ ನನಗೆ ಬರುವ ಹಸ್ತಪ್ರತಿಗಳಲ್ಲಿ ಅರ್ಧದಷ್ಟು ಯುನಿಕೋಡ್ ಅಲ್ಲದ ನುಡಿ ಕಡತಗಳೇ ಆಗಿರುವುದರಿಂದ ಇದನ್ನು ಸುಲಭವಾಗಿ ಬಿಟ್ಟುಬಿಡುವ ಹಾಗಿಲ್ಲ.

ಹೊಸದಾಗಿ ಕೊಳ್ಳುವುದಾದರೆ ಮತ್ತೆ ಮಿನಿಯನ್ನೇ ಕೊಳ್ಳಬೇಕೆಂದಿದೆ. ಆಪಲ್‌ನ ಹೊಸ ಎಂ5 ಚಿಪ್ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಪ್ರೊದಲ್ಲಿ ಬಂದಿದೆ. ಮಿನಿಗೂ ಒಂದು ದಿನ ಬರಬಹುದು. ಆ ಮುಂದಿನ ಪೆಟ್ಟಿಗೆಯ ಬಗ್ಗೆ ನನ್ನ ಆಸೆಗಳು ಇಷ್ಟು: ಮೆಮೊರಿಯನ್ನು ನಾನೇ ಬದಲಿಸುವಂತಿರಬೇಕು. ಅದಾಗದಿದ್ದರೆ ಕನಿಷ್ಠಪಕ್ಷ ಆರಂಭಿಕ ಮಾದರಿಯ ಸಂಗ್ರಹ 256 ಜಿಬಿಯಿಂದ 512ಕ್ಕೆ ಏರಬೇಕು. 2024ರ ಎಂ4 ಮಾದರಿಯಲ್ಲಿ ಪೂರ್ತಿಯಾಗಿ ಕಾಣೆಯಾದ ಯುಎಸ್‌ಬಿ-ಎ ಕಿಂಡಿ ಒಂದಾದರೂ ಮರಳಬೇಕು, ಡಾಂಗಲ್ ಸಿಕ್ಕಿಸಬೇಕಲ್ಲ. ತಳಕ್ಕೆ ಹೋಗಿರುವ ಪವರ್ ಬಟನ್ ಮೇಲೆ ಬರಬೇಕು ಎಂಬುದನ್ನು ಆಸೆಯೆನ್ನಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಇವುಗಳಲ್ಲಿ ಯಾವುದಕ್ಕಾಗಿ ಕಾಯುವುದರಲ್ಲಿ ಅರ್ಥವಿದೆ, ಯಾವುದು ಕೇವಲ ನನ್ನಂಥವರ ಹಳಹಳಿಕೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.


ಹಳೆಪೆಟ್ಟಿಗೆ, ಬೆಂಗಳೂರು
2025 ಡಿಸೆಂಬರ್ 13

ಅಚ್ಚಿನಮನೆಯವರೇ, ಮಿನಿಯ ಬೇರೆ ಬೇರೆ ತಲೆಮಾರಿನ ನಾಲ್ಕು ಯಂತ್ರಗಳು ನನ್ನ ಕಪಾಟಿನಲ್ಲಿರುವುದರಿಂದ ನಿಮ್ಮ ಪ್ರಶ್ನೆಯನ್ನು ಓದಿ ಸುಮ್ಮನಿರಲಾಗಲಿಲ್ಲ.

2005ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮಿನಿಯನ್ನು ತೋರಿಸಿದಾಗ ಅದರ ಬೆಲೆ 499 ಡಾಲರ್, ಮೆಮೊರಿ 256 ಎಂಬಿ. ಅದರಲ್ಲಿ ಮೆಮೊರಿ ಬದಲಿಸಬೇಕಾದರೆ ಗೋಡೆಗೆ ಪುಟ್ಟಿ ಹಚ್ಚುವ ತೆಳುವಾದ ಕರಣೆಯನ್ನು ಅಂಚಿನಲ್ಲಿ ತೂರಿಸಿ, ಒಳಗಿನ ಕೊಂಡಿಗಳು ಮುರಿಯದಂತೆ ಉಸಿರು ಬಿಗಿಹಿಡಿದು ಮೇಲಕ್ಕೆತ್ತಬೇಕಿತ್ತು. 2010ರಲ್ಲಿ ಅಲ್ಯುಮಿನಿಯಂ ಮೈಯ ಹೊಸ ಮಾದರಿ ಬಂದಾಗ ಆ ಕಷ್ಟ ಪೂರ್ತಿ ಹೋಯಿತು. ತಳದ ದುಂಡನೆಯ ಮುಚ್ಚಳವನ್ನು ಎರಡು ಹೆಬ್ಬೆರಳುಗಳಿಂದ ಒತ್ತಿ ತಿರುಗಿಸಿದರೆ ರ‍್ಯಾಮ್ ಕಣ್ಣೆದುರಿಗೇ ಇರುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಪೆಟ್ಟಿಗೆಯ ಚರಿತ್ರೆಯಲ್ಲಿ ಅದೇ ಸುವರ್ಣಕಾಲ. 2012ರಲ್ಲಿ ಅದೇ ಮೈಯೊಳಗೆ ನಾಲ್ಕು ಕೋರ್‌ಗಳ ಐ7 ಕೂಡ ಸಿಕ್ಕಿತು.

ಇಲ್ಲಿಂದ ಮುಂದಿನದು ಕಾಯುವವರು ನೆನಪಿಡಬೇಕಾದ ಭಾಗ. 2013 ಇಡೀ ಹೊಸ ಮಿನಿ ಬರಲಿಲ್ಲ. ಇನ್ನೂ ಉತ್ತಮವಾದದ್ದು ಬರುತ್ತದೆಂದು ಕಾದವರಿಗೆ 2014ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಬೋರ್ಡಿಗೆ ಬೆಸೆದ ಮೆಮೊರಿ ಮತ್ತು ಎರಡೇ ಕೋರ್‌ಗಳ ಪ್ರೊಸೆಸರ್. ಹಲವು ಕೋರ್‌ಗಳನ್ನು ದುಡಿಸುವ ಕೆಲಸಗಳಲ್ಲಿ ಎರಡು ವರ್ಷ ಹಳೆಯ ಯಂತ್ರವೇ ಹೊಸದನ್ನು ಹಿಂದೆ ಹಾಕುತ್ತಿತ್ತು. ಬಳಸಿದ 2012ರ ಮಿನಿಗಳನ್ನು ಜನ ಹುಡುಕಿಕೊಂಡು ಹೋಗತೊಡಗಿದರು. ಆಮೇಲೆ ನಾಲ್ಕು ವರ್ಷ ಮೌನ. 2017ರಲ್ಲಿ ಗ್ರಾಹಕರೊಬ್ಬರ ಮಿಂಚಂಚೆಗೆ ಟಿಮ್ ಕುಕ್ ಅವರು, ಮುಂದೆಯೂ ಮಿನಿಗೆ ತಮ್ಮ ಉತ್ಪನ್ನಗಳ ಸಾಲಿನಲ್ಲಿ ಮಹತ್ವದ ಸ್ಥಾನವಿರುತ್ತದೆ ಎಂಬರ್ಥದ ಉತ್ತರ ಕೊಟ್ಟಿದ್ದೇ ಆಗ ಎಲ್ಲರಿಗೂ ಸಂಭ್ರಮದ ಸುದ್ದಿಯಾಗಿತ್ತೆಂದರೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಿಕೊಳ್ಳಿ.

2018ರಲ್ಲಿ ಬದಲಿಸಬಹುದಾದ ಮೆಮೊರಿ ಮರಳಿ ಬಂತು, ಆದರೆ ಸಂಗ್ರಹವನ್ನು ಬೆಸೆದರು, ಆರಂಭಿಕ ಬೆಲೆಯನ್ನು 799 ಡಾಲರ್‌ಗೆ ಏರಿಸಿದರು. 2020ರಲ್ಲಿ ಇಂಟೆಲ್ ಬದಲು ಆಪಲ್‌ನದೇ ಎಂ1 ಚಿಪ್ ಬಂದಾಗ ಮೆಮೊರಿ ಚಿಪ್‌ನ ಪಕ್ಕಕ್ಕೇ ಸೇರಿಕೊಂಡಿತು. 2023ರಲ್ಲಿ ಎಂ2 ಬಂತು; ಎಂ3 ಮಿನಿಗೆ ಬರಲೇ ಇಲ್ಲ; 2024ರ ಅಕ್ಟೋಬರ್ ಕೊನೆಯಲ್ಲಿ ಎಂ4 ಬಂತು. ಅಂದರೆ ಚಿಪ್ ಹೊರಬಂದ ಮಾತ್ರಕ್ಕೆ ಅದು ಮಿನಿಗೆ ಇಷ್ಟು ತಿಂಗಳಲ್ಲಿ ಬಂದೇ ಬರುತ್ತದೆಂದು ಪಂಚಾಂಗ ಹಾಕಲಾಗದು.

ಇನ್ನೊಂದು ವಿಚಿತ್ರವನ್ನು ಗಮನಿಸಿ. ನಾವು ಗಟ್ಟಿಯಾಗಿ ಕೇಳಿದ್ದು ಬರುವುದಿಲ್ಲ, ಕೇಳುವುದನ್ನು ಬಿಟ್ಟ ಮೇಲೆ ಯಾವುದೋ ಒಂದು ಬರುತ್ತದೆ. ಎಂ4 ಮಿನಿಯಲ್ಲಿ ಸಂಗ್ರಹ ಮತ್ತೆ ಕಳಚುವ ಪಟ್ಟಿಯ ರೂಪದಲ್ಲಿ ಬಂದಿರುವುದು ಕಂಪನಿಯ ಜಾಹೀರಾತಿನಿಂದಲ್ಲ, ಬಿಚ್ಚಿ ನೋಡಿದವರಿಂದ ಗೊತ್ತಾಯಿತು. ಆರಂಭಿಕ ಮೆಮೊರಿ 8ರಿಂದ 16 ಜಿಬಿಗೆ ಏರಿದಾಗಲೂ ಭಾರತದಲ್ಲಿನ ಬೆಲೆ ಎಂ2ಕ್ಕೆ ಇದ್ದ 59,900 ರೂಪಾಯಿಯೇ ಉಳಿಯಿತು.

ನನ್ನ ಉತ್ತರ: 512 ಜಿಬಿಯ ಆಸೆ ಯೋಗ್ಯವಾದದ್ದು. ಯುಎಸ್‌ಬಿ-ಎ ಕಿಂಡಿಗೆ ಎಳ್ಳುನೀರು ಬಿಡಿ. ಮೆಮೊರಿಯ ವಿಷಯದಲ್ಲಿ ಮಾತ್ರ, ಒಮ್ಮೆ ಕಿತ್ತುಕೊಂಡು 2018ರಲ್ಲಿ ಮರಳಿಸಿದವರು ಇನ್ನೊಮ್ಮೆ ಮರಳಿಸಲಾರರೆ ಎಂಬ ಆಸೆಯನ್ನು ನಾನಂತೂ ಬಿಟ್ಟಿಲ್ಲ.


ಬೆಸುಗೆ, ಮೈಸೂರು
2025 ಡಿಸೆಂಬರ್ 14

ಹಳೆಪೆಟ್ಟಿಗೆಯವರ ಚರಿತ್ರೆ ಸರಿಯಾಗಿದೆ, ಕೊನೆಯ ವಾಕ್ಯದ ಆಸೆಯನ್ನು ಮಾತ್ರ ಒಪ್ಪಲಾರೆ. 2014ರಲ್ಲಿ ಮೆಮೊರಿ ಬೆಸೆದದ್ದಕ್ಕೂ 2020ರಲ್ಲಿ ಬೆಸೆದದ್ದಕ್ಕೂ ಕಾರಣಗಳು ಬೇರೆ. ಮೊದಲನೆಯದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಂಡರು. ಎರಡನೆಯದು ಯಂತ್ರದ ರಚನೆಗೇ ಸೇರಿದ್ದು. ಸರ್ಕ್ಯೂಟ್ ಬೋರ್ಡ್‌ಗಳ ವಿನ್ಯಾಸದ ಕೆಲಸದಲ್ಲಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ 2018ರ ಮಿನಿಯಲ್ಲಿರುವ ಎರಡು ಡಿಡಿಆರ್4 ಪಟ್ಟಿಗಳು ಸೇರಿ ಸೆಕೆಂಡಿಗೆ ಸುಮಾರು 42 ಜಿಬಿ ದತ್ತಾಂಶವನ್ನು ಸಾಗಿಸಬಲ್ಲವು. ಎಂ4ರಲ್ಲಿ ಆ ಅಂಕಿ 120, ಎಂ5ರಲ್ಲಿ 153, ಎಂ4 ಪ್ರೊದಲ್ಲಿ 273. ಚಿತ್ರಗಳನ್ನು ಬಿಡಿಸುವ ಜಿಪಿಯುಗೆ ಇಲ್ಲಿ ಪ್ರತ್ಯೇಕ ಮೆಮೊರಿ ಇಲ್ಲ, ಸಿಪಿಯು ಮತ್ತು ಜಿಪಿಯು ಎರಡೂ ಒಂದೇ ಬಾವಿಯಿಂದ ನೀರು ಸೇದುತ್ತವೆ. ಹಾಗಾಗಿ ಬಾವಿಯ ಬಾಯಿ ಅಗಲವಾಗಿರಲೇಬೇಕು. ಅಷ್ಟು ವೇಗದಲ್ಲಿ, ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಸಂಕೇತಗಳು ಕೆಡದಂತೆ ಸಾಗಬೇಕಾದರೆ ತಂತಿಗಳು ಗಿಡ್ಡವಾಗಿರಬೇಕು. ಸಾಕೆಟ್ಟಿನ ಪ್ರತಿಯೊಂದು ಸ್ಪರ್ಶಬಿಂದುವೂ ಸಂಕೇತಕ್ಕೆ ಒಂದು ಎಡವುಗಲ್ಲು. ಚಿಪ್‌ನ ಪಕ್ಕದಲ್ಲೇ ಅದೇ ತಳಹದಿಯ ಮೇಲೆ ಮೆಮೊರಿಯನ್ನು ಕೂರಿಸುವುದು ಈ ಕಾರಣಕ್ಕೆ.

ಹಾಗಾದರೆ ಸಾಕೆಟ್ ಸಾಧ್ಯವೇ ಇಲ್ಲವೇ ಎಂದರೆ, ಅದೂ ಪೂರ್ತಿ ನಿಜವಲ್ಲ. ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆಯ ಪಟ್ಟಿಯಿದೆ. ಹಳೆಯ ರ‍್ಯಾಮ್‌ನಂತೆ ಓರೆಯಾಗಿ ಸಿಕ್ಕಿಸುವ ಬದಲು ಅದನ್ನು ಬೋರ್ಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಸ್ಕ್ರೂಗಳಿಂದ ಬಿಗಿಯುತ್ತಾರೆ. 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1 ಲ್ಯಾಪ್‌ಟಾಪಿನಲ್ಲಿ ಅದು ಮಾರುಕಟ್ಟೆಗೂ ಬಂತು. ಅಂಥ ಒಂದೇ ಪಟ್ಟಿಯಲ್ಲಿ 128 ಬಿಟ್ ಅಗಲದ ದಾರಿಯಿರುತ್ತದೆ; ಸೆಕೆಂಡಿಗೆ 7500 ದಶಲಕ್ಷ ಬಾರಿ ಸಾಗಿಸಿದರೆ 120 ಜಿಬಿ ಆಯಿತು. ಎಂ4ರ ಅಂಕಿಯೂ ಇದೇ ಎಂಬುದನ್ನು ಗಮನಿಸಿ. ಆದ್ದರಿಂದ ಆರಂಭಿಕ ಮಾದರಿಯ ಮಟ್ಟಿಗೆ ಹೇಳುವುದಾದರೆ ‘ಆಗುವುದಿಲ್ಲ’ ಎನ್ನುವುದಕ್ಕಿಂತ ‘ಮಾಡುವುದಿಲ್ಲ’ ಎನ್ನುವುದೇ ಪ್ರಾಮಾಣಿಕವಾದ ಮಾತು. ಪ್ರೊ ಮಾದರಿಯ 256 ಬಿಟ್ ಅಗಲದ ದಾರಿಗೆ ಬಂದಾಗ ಕಷ್ಟ ನಿಜವಾಗಿಯೂ ಶುರುವಾಗುತ್ತದೆ. ಬಿಡಿಭಾಗಗಳನ್ನು ಬಳಕೆದಾರರೇ ಬದಲಿಸಬೇಕೆಂಬ ತತ್ವದ ಮೇಲೆಯೇ ನಿಂತಿರುವ ಫ್ರೇಮ್‌ವರ್ಕ್ ಕಂಪನಿ ಈ ವರ್ಷ ಫೆಬ್ರವರಿಯಲ್ಲಿ ಪ್ರಕಟಿಸಿದ ತನ್ನ ಚಿಕ್ಕ ಡೆಸ್ಕ್‌ಟಾಪಿನಲ್ಲಿ ಮೆಮೊರಿಯನ್ನು ಬೆಸೆದೇ ಕೊಟ್ಟಿತು. ಅದರ ಚಿಪ್ ತಯಾರಕರಾದ ಎಎಂಡಿಯವರ ಜೊತೆ ಕೂತು ಕಳಚುವ ಮೆಮೊರಿಗಾಗಿ ಪ್ರಯತ್ನಿಸಿದೆವು, ಆ ಚಿಪ್‌ಗೆ ಬೇಕಾದ ವೇಗದಲ್ಲಿ ಅದು ಕೈಗೂಡಲಿಲ್ಲ ಎಂದು ಅವರೇ ಹೇಳಿಕೊಂಡರು. ಬಿಚ್ಚುವುದನ್ನೇ ಧರ್ಮವೆಂದು ನಂಬಿದವರಿಗೆ ಆಗದ್ದು, ಬಿಚ್ಚಬಾರದೆಂದು ಬಯಸುವವರಿಂದ ಆದೀತೆಂದು ಕಾಯುವುದು ಬೇಡ.

ಸಂಗ್ರಹದ ಕಥೆ ಇದಕ್ಕೆ ವಿರುದ್ಧವಾದದ್ದು, ನಿಮಗೆ ಅನುಕೂಲವಾದದ್ದು. ಎಂ4 ಮಿನಿಯ ಸಂಗ್ರಹ ಪಟ್ಟಿ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎನ್‌ವಿಎಂಇ ಎಸ್‌ಎಸ್‌ಡಿ ಅಲ್ಲ. ಅದರಲ್ಲಿರುವುದು ಬರಿಯ ಫ್ಲ್ಯಾಶ್ ಚಿಪ್‌ಗಳು, ಅವುಗಳನ್ನು ನಿಯಂತ್ರಿಸುವ ಭಾಗ ಮುಖ್ಯ ಚಿಪ್‌ನೊಳಗೇ ಇದೆ. ಎಂ4 ಮತ್ತು ಎಂ4 ಪ್ರೊ ಪಟ್ಟಿಗಳ ಅಳತೆ ಕೂಡ ಬೇರೆ ಬೇರೆ. ಆದರೂ ಬೇರೆ ತಯಾರಕರ ಹೊಂದುವ ಪಟ್ಟಿಗಳು ಸಿಗುತ್ತವೆ, ಸ್ಕ್ರೂ ಬಿಚ್ಚಿ ಬದಲಿಸಬಹುದು. ಬದಲಿಸಿದ ಮೇಲೆ ಇನ್ನೊಂದು ಮ್ಯಾಕ್‌ಗೆ ಯುಎಸ್‌ಬಿ-ಸಿ ಕೇಬಲ್ ಜೋಡಿಸಿ, ಡಿಎಫ್‌ಯು ಎಂಬ ದುರಸ್ತಿ ಸ್ಥಿತಿಯಲ್ಲಿ ವ್ಯವಸ್ಥೆಯನ್ನು ಮೊದಲಿನಿಂದ ತುಂಬಿಸಬೇಕಾಗುತ್ತದೆ ಎಂಬುದು ಹೆಚ್ಚಿನವರು ಅರ್ಧ ದಾರಿಯಲ್ಲಿ ಕಂಡುಕೊಳ್ಳುವ ಸತ್ಯ. ಎರಡನೆಯ ಮ್ಯಾಕ್ ಇಲ್ಲದವರು ಮುಚ್ಚಳಕ್ಕೆ ಕೈ ಹಾಕಬಾರದು. ಜೊತೆಗೆ, ಒಳಗಿನ ಸಂಗ್ರಹ ಸತ್ತರೆ ಈ ಯಂತ್ರಗಳು ಹೊರಗಿನ ಡಿಸ್ಕಿನಿಂದಲೂ ಏಳುವುದಿಲ್ಲ. ಏಳುವ ಮೊದಲ ಹೆಜ್ಜೆ ಒಳಗಿನ ಸಂಗ್ರಹದಲ್ಲೇ ಇರುತ್ತದೆ. ಹೀಗಾಗಿ ಆ ಪಟ್ಟಿಯನ್ನು ಕಳಚಬಹುದು ಎಂಬುದರ ಬೆಲೆಯನ್ನು ನಾನು ಜಾಗ ಹೆಚ್ಚಿಸುವ ಅನುಕೂಲಕ್ಕಿಂತ ಯಂತ್ರದ ಆಯುಷ್ಯದಲ್ಲಿ ಅಳೆಯುತ್ತೇನೆ.

ಕಂಪನಿಯ ದರಪಟ್ಟಿಯಲ್ಲಿ 16ರಿಂದ 24 ಜಿಬಿ ಮೆಮೊರಿಗೆ ಏರುವುದಕ್ಕೂ 256ರಿಂದ 512 ಜಿಬಿ ಸಂಗ್ರಹಕ್ಕೆ ಏರುವುದಕ್ಕೂ ಒಂದೇ ಬೆಲೆ: ತಲಾ 20,000 ರೂಪಾಯಿ. ಮೊದಲನೆಯದನ್ನು ಇನ್ನೆಂದೂ ಹಾಕಿಸಲಾಗದು, ಎರಡನೆಯದನ್ನು ಇನ್ನೊಂದು ದಿನ ಇನ್ನೊಂದು ಬೆಲೆಗೆ ಹಾಕಿಸಬಹುದು, ಇಲ್ಲವೇ ಹೊರಗೆ ಒಂದು ಡಿಸ್ಕ್ ತೂಗುಹಾಕಬಹುದು. ದುಡ್ಡು ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಿದೆ.


ತಾಳಮದ್ದಳೆ, ಉಡುಪಿ
2025 ಡಿಸೆಂಬರ್ 14

ಹೊರಗಿನ ಡಿಸ್ಕಿನ ಬಗ್ಗೆ ಒಂದು ಅನುಭವದ ಮಾತು. ನಾನು ತಾಳಮದ್ದಳೆಯ ಪ್ರಸಂಗಗಳನ್ನು ಧ್ವನಿಮುದ್ರಿಸಿ ಸಂಕಲಿಸುತ್ತೇನೆ. ಒಂದೊಂದು ಪ್ರಸಂಗವೂ ನಾಲ್ಕೈದು ಗಂಟೆಯದು, ಮೈಕುಗಳು ಆರೇಳು. ಆರಂಭಿಕ ಎಂ4 ಮಿನಿಗೆ 2 ಟಿಬಿಯ ಹೊರಗಿನ ಎಸ್‌ಎಸ್‌ಡಿ ಜೋಡಿಸಿಕೊಂಡು ಒಂದು ವರ್ಷವಾಯಿತು. ಒಳಗಿನ 256 ಜಿಬಿಯಲ್ಲಿ ವ್ಯವಸ್ಥೆ ಮತ್ತು ತಂತ್ರಾಂಶಗಳು ಮಾತ್ರ ಇವೆ, ಧ್ವನಿಯೆಲ್ಲ ಹೊರಗೆ. ಭಾಗವತರ ಪದ್ಯ ಮುಗಿದು ಅರ್ಥಧಾರಿ ಮಾತೆತ್ತುವ ಮುನ್ನ ಒಂದು ಕ್ಷಣದ ನಿಶ್ಶಬ್ದವಿರುತ್ತದೆ. ಆ ನಿಶ್ಶಬ್ದವನ್ನು ಕೇಳಿಸಿಕೊಳ್ಳುವಾಗ ಫ್ಯಾನಿನ ಸದ್ದು ಅಡ್ಡ ಬಾರದಿರುವುದೇ ನನಗೆ ಈ ಪೆಟ್ಟಿಗೆಯ ದೊಡ್ಡ ಗುಣ. ಸುಮ್ಮನಿರುವಾಗ ಅದು ಬಳಸುವ ವಿದ್ಯುತ್ ನಾಲ್ಕು ವ್ಯಾಟ್‌ನಷ್ಟಾದ್ದರಿಂದ ಮಳೆಗಾಲದಲ್ಲಿ ಕರೆಂಟು ಹೋದಾಗ ಚಿಕ್ಕ ಯುಪಿಎಸ್ ಕೂಡ ಸಾಕಷ್ಟು ಹೊತ್ತು ಕೈಹಿಡಿಯುತ್ತದೆ.

ಕೇಬಲ್ ಮಾತ್ರ ಸಡಿಲವಾಗದಂತೆ ನೋಡಿಕೊಳ್ಳಿ. ಪವರ್ ಬಟನ್ ಒತ್ತಲು ಪೆಟ್ಟಿಗೆಯನ್ನು ಎತ್ತಿದಾಗ ನನ್ನ ಡಿಸ್ಕ್ ಒಮ್ಮೆ ಕಳಚಿತ್ತು. ಹಾಗಾಗಿ ಆ ಆಸೆಗೆ ನೀವು ನಾಚಬೇಕಾಗಿಲ್ಲ.


ಅಚ್ಚಿನಮನೆ, ಧಾರವಾಡ
2025 ಡಿಸೆಂಬರ್ 14

ಮೂವರಿಗೂ ಕೃತಜ್ಞತೆಗಳು. ಬೆಸುಗೆಯವರು ಹೇಳಿದ ‘ಆಗುವುದಿಲ್ಲ’ ಮತ್ತು ‘ಮಾಡುವುದಿಲ್ಲ’ಗಳ ನಡುವಿನ ವ್ಯತ್ಯಾಸ ನನಗೆ ಹೊಸದು. ಇನ್ನೊಂದು ಸಂದೇಹ ಉಳಿದಿದೆ. ಹೊಸ ಮಿನಿಯಲ್ಲಿ ಬೂಟ್ ಕ್ಯಾಂಪ್ ಇಲ್ಲವೆಂದು ತಿಳಿದಿದೆ. ಮ್ಯಾಕ್‌ನೊಳಗೇ ವಿಂಡೋಸ್ ನಡೆಸುವ ಪ್ಯಾರಲೆಲ್ಸ್ ತಂತ್ರಾಂಶದಲ್ಲಿ ವಿಂಡೋಸ್ ಹಾಕಿ, ಯುಎಸ್‌ಬಿ-ಸಿ ಕಿಂಡಿಗೆ ಅಡಾಪ್ಟರ್ ಮೂಲಕ ಡಾಂಗಲ್ ಸಿಕ್ಕಿಸಿದರೆ ನನ್ನ ಹಳೆಯ ತಂತ್ರಾಂಶ ನಡೆಯುತ್ತದೆಯೇ? ನಡೆದರೆ ಒಂದೇ ಯಂತ್ರದಲ್ಲಿ ಎಲ್ಲವೂ ಮುಗಿದಂತೆ.


ಒತ್ತಕ್ಷರ, ಶಿವಮೊಗ್ಗ
2025 ಡಿಸೆಂಬರ್ 15

ನುಡಿ ಮತ್ತು ಡಾಂಗಲ್ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು ಸರ್.

ಹೊಸ ಮ್ಯಾಕ್‌ಗಳಲ್ಲಿ ಪ್ಯಾರಲೆಲ್ಸ್ ನಡೆಸುವುದು ಆರ್ಮ್ ಪ್ರೊಸೆಸರ್‌ಗೆ ಬರೆದ ವಿಂಡೋಸ್ 11. ಅದು ಇಂಟೆಲ್‌ಗಾಗಿ ಬರೆದ ಸಾಮಾನ್ಯ ತಂತ್ರಾಂಶಗಳನ್ನು ತಾನೇ ಅನುವಾದಿಸಿಕೊಂಡು ನಡೆಸುತ್ತದೆ. ಆದರೆ ಸಾಧನಗಳನ್ನು ವಿಂಡೋಸ್‌ಗೆ ಜೋಡಿಸಿಕೊಡುವ ಡ್ರೈವರ್‌ಗಳಿಗೆ ಈ ಅನುವಾದದ ಸೌಲಭ್ಯವಿಲ್ಲ, ಅವು ಆರ್ಮ್‌ಗೆಂದೇ ಸಿದ್ಧವಾಗಿರಬೇಕು. ಡಾಂಗಲ್ ಬೀಗ ನಿಂತಿರುವುದೇ ಡ್ರೈವರ್‌ನ ಮೇಲೆ. ಹದಿನೈದು ವರ್ಷ ಹಿಂದಿನ ಡಾಂಗಲ್‌ಗೆ ಯಾರೂ ಆರ್ಮ್ ಡ್ರೈವರ್ ಬರೆದಿರಲಾರರು. ಆದ್ದರಿಂದ ಮುಂದಿನ ಮಿನಿಯಲ್ಲಿ ಯುಎಸ್‌ಬಿ-ಎ ಕಿಂಡಿ ಮರಳಿದರೂ ನಿಮ್ಮ ಡಾಂಗಲ್ ಅದರಲ್ಲಿ ಬರಿಯ ಬೀಗದ ಕೈಯಾಗಿಯೇ ಉಳಿಯುವ ಸಂಭವ ಹೆಚ್ಚು. ನಿಮ್ಮ ಪಟ್ಟಿಯಲ್ಲಿ ನಾನು ಮೊದಲು ಹೊಡೆದುಹಾಕುವ ಆಸೆ ಅದು.

ನುಡಿ ಕಡತಗಳಿಗೆ ದಾರಿಯಿದೆ. ನಾನು ಬರುವ ಎಲ್ಲ ಹಸ್ತಪ್ರತಿಗಳನ್ನೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಂಡು, ಪುಟವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಂಡು ಪುಟ ಕಟ್ಟುತ್ತೇನೆ. ಅದನ್ನು ಆಯದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಪರಿವರ್ತನೆಯಲ್ಲಿ ಎಡವುವುದು ಹೆಚ್ಚಾಗಿ ಅರ್ಕಾವತ್ತಿನ ಬಳಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ‘ಸೂರ್ಯ’, ‘ಧರ್ಮ’ಗಳು ಸರಿಯಾಗಿ ಬರುತ್ತವೆ, ‘ಮಾರ್ಗದರ್ಶಿ’, ‘ಸಾಮರ್ಥ್ಯ’ದಂಥ ಕಡೆ ಕೆಲವು ಪರಿವರ್ತಕಗಳು ತಡವರಿಸುತ್ತವೆ. ಇನ್ನೂರು ಪುಟದ ಪುಸ್ತಕಕ್ಕೆ ಒಂದು ದಿನದ ಕರಡು ತಿದ್ದುವಿಕೆ ಹೆಚ್ಚುವರಿಯಾಗಿ ಇಟ್ಟುಕೊಂಡರೆ ಸಾಕು.

2018ರ ಮಿನಿಯನ್ನು ಮಾರಬೇಡಿ. ಅಂತರಜಾಲದ ಸಂಪರ್ಕ ತೆಗೆದು ಡಾಂಗಲ್ ಕೆಲಸಕ್ಕೆಂದೇ ಇಟ್ಟುಕೊಳ್ಳಿ. ಬೆಂಬಲ ಮುಗಿದ ವಿಂಡೋಸ್ ಹೊರಜಗತ್ತಿಗೆ ತೆರೆದುಕೊಳ್ಳದಿದ್ದರೆ ಅಪಾಯ ಕಡಿಮೆ. ಬೇಕೆಂದಾಗ ಅದನ್ನು ಮ್ಯಾಕ್ ಕಡೆಯಿಂದ ಏಳಿಸಿದರೆ ಬೆಸುಗೆಯವರು ಹೇಳಿದ ಆ ‘ಎರಡನೆಯ ಮ್ಯಾಕ್’ ಕೂಡ ನಿಮ್ಮ ಮನೆಯಲ್ಲೇ ಇದ್ದಂತಾಯಿತು.


ಬೆಸುಗೆ, ಮೈಸೂರು
2025 ಡಿಸೆಂಬರ್ 15

ಕಾಯುವ ವಿಷಯಕ್ಕೆ ಒಂದು ಸೇರ್ಪಡೆ. ಮೆಮೊರಿ ಚಿಪ್‌ಗಳನ್ನು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸಗಟಾಗಿ ಕೊಳ್ಳುತ್ತಿರುವುದರಿಂದ ಕೆಲವು ತಿಂಗಳಿಂದ ಎಲ್ಲೆಡೆ ರ‍್ಯಾಮ್ ಬೆಲೆ ಏರುತ್ತಿದೆ. ಮೈಕ್ರಾನ್ ಕಂಪನಿಯಂತೂ, ನಮ್ಮಂಥ ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಇದೇ ತಿಂಗಳ ಮೊದಲ ವಾರ ಪ್ರಕಟಿಸಿತು. ಮುಂದಿನ ಮಿನಿಯ ಚಿಪ್ ಚುರುಕಾಗಿಯೇ ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಅದೇ ಬೆಲೆಗೆ ಹೆಚ್ಚು ಮೆಮೊರಿ ಅಥವಾ ಹೆಚ್ಚು ಸಂಗ್ರಹ ಸಿಕ್ಕೀತೆಂಬ ಆಸೆಗೆ ಮಾತ್ರ ಈ ವರ್ಷದಷ್ಟು ಪ್ರತಿಕೂಲವಾದ ಗಾಳಿ ಇತ್ತೀಚೆಗೆ ಬೀಸಿದ್ದಿಲ್ಲ. ಪುಟವಿನ್ಯಾಸಕ್ಕೆ ಎಂ4ರ ವೇಗ ಬೇಕಾದುದಕ್ಕಿಂತ ಹೆಚ್ಚೇ ಆಯಿತು.


ಅಚ್ಚಿನಮನೆ, ಧಾರವಾಡ
2025 ಡಿಸೆಂಬರ್ 17

ನಿನ್ನೆ ಎಂ4 ಮಿನಿಗೆ ಬೇಡಿಕೆ ಸಲ್ಲಿಸಿದೆ: ಮೆಮೊರಿ 24 ಜಿಬಿ, ಸಂಗ್ರಹ ಆರಂಭಿಕ 256ರಲ್ಲೇ. ಸಂಗ್ರಹಕ್ಕೆ ಸದ್ಯ ಉಡುಪಿಯವರ ದಾರಿಯನ್ನೇ ಹಿಡಿಯುತ್ತೇನೆ, ಪೆಟ್ಟಿಗೆಯನ್ನು ಎತ್ತದೆ ಬಟನ್ ಒತ್ತುವಂತೆ ಮೇಜಿನ ಅಂಚಿಗೆ ಒಂದು ಮರದ ಹಲಗೆ ಕೂರಿಸಲು ಬಡಗಿಗೂ ಹೇಳಿದ್ದಾಗಿದೆ.

ಒತ್ತಕ್ಷರದವರೇ, ಅರ್ಕಾವತ್ತು ಹೇರಳವಾಗಿರುವ ಹತ್ತು ಪುಟದ ನುಡಿ ಕಡತವೊಂದನ್ನು ತಮಗೆ ಕಳುಹಿಸಿಕೊಡುತ್ತೇನೆ. ಶಾಸ್ತ್ರಗ್ರಂಥದ ಪೀಠಿಕೆಯದು, ‘ಸಾಮರ್ಥ್ಯ’ವೇ ಏಳು ಕಡೆ ಬಂದಿದೆ. ತಮ್ಮ ಪರಿವರ್ತಕ ಅದರಲ್ಲಿ ಎಲ್ಲೆಲ್ಲಿ ಎಡವುತ್ತದೆಂದು ತಿಳಿಸಿದರೆ ಮುಂದಿನ ಪುಸ್ತಕಕ್ಕೆ ಕರಡಿನ ದಿನಗಳನ್ನು ಲೆಕ್ಕ ಹಾಕಿಕೊಳ್ಳುತ್ತೇನೆ. ಹಳೆಯ ಮಿನಿ ಗೋಡೆಯ ಮೂಲೆಗೆ ಸರಿದಿದೆ. ಅದರ 32 ಜಿಬಿ ಪಟ್ಟಿಗಳನ್ನು ಬಿಚ್ಚಿ ಕೊಡುತ್ತೀರಾ ಎಂದು ಹುಬ್ಬಳ್ಳಿಯ ಅದೇ ಅಂಗಡಿಯವರು ನಿನ್ನೆ ಫೋನಿನಲ್ಲಿ ಕೇಳಿದರು. ಕೊಡುವುದಿಲ್ಲ ಎಂದೆ.